ಇಂಟೀರಿಯರ್ ಡಿಸೈನರ್ ಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಮನೆಗಳ ಇಂಟೀರಿಯರ್ ಕೆಲಸ ಮಾಡುವವಳು. ಮದುವೆ ಮನೆಯಲ್ಲಿ ಸಿಕ್ಕವರು, ಫೋನ್ ಮಾಡಿದವರು, ಮೆಸೇಜ್ ಹಾಕಿದವರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಅವನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ನನ್ನ ಕಸುಬಿನವರ ಪರ ವಕಾಲತ್ತು ವಹಿಸುವ ಆಸೆ ಇಲ್ಲ. ಡಿಸೈನರ್ ಬೇಕಾಗಿಯೇ ಇಲ್ಲದ ಮನೆಗಳೂ ಇವೆ.

## ಶುರುವಿನಲ್ಲಿ ಕೇಳುವವು

ನಮ್ದು ಸಣ್ಣ 2 ಬಿಎಚ್‌ಕೆ ಫ್ಲ್ಯಾಟ್ ಮೇಡಂ. ಡಿಸೈನರ್ ಅಂದ್ರೆ ದುಡ್ಡಿರೋರಿಗೆ ಅಲ್ವಾ?

ದೊಡ್ಡ ಬಂಗಲೆಯಲ್ಲಿ ಲೆಕ್ಕ ತಪ್ಪಿದರೂ ಓಡಾಡಲು ಜಾಗ ಉಳಿಯುತ್ತದೆ. ಸಣ್ಣ ಫ್ಲ್ಯಾಟ್‌ನಲ್ಲಿ ಉಳಿಯುವುದಿಲ್ಲ. 10 ಅಡಿಗೆ 10 ಅಡಿಯ ಬೆಡ್‌ರೂಮ್ ತೆಗೆದುಕೊಳ್ಳಿ. ವಾರ್ಡ್‌ರೋಬ್‌ನ ಆಳ 2 ಅಡಿ. ಕ್ವೀನ್ ಸೈಜ್ ಮಂಚ 5 ಅಡಿ ಅಗಲ, ಆರೂವರೆ ಅಡಿ ಉದ್ದ. ಮಂಚದ ಕಾಲ ಕಡೆ ವಾರ್ಡ್‌ರೋಬ್ ಬಂದರೆ ನಡುವೆ ಉಳಿಯುವುದು ಒಂದೂವರೆ ಅಡಿ. ವಾರ್ಡ್‌ರೋಬ್‌ನ ಒಂದು ಬಾಗಿಲೇ ಸುಮಾರು ಅಷ್ಟು ಅಗಲ ಇರುತ್ತದೆ. ಬಾಗಿಲು ತೆರೆದು ನೀವು ನಿಲ್ಲುವುದೆಲ್ಲಿ? ಮಂಚವನ್ನು ತಿರುಗಿಸಿ ಗೋಡೆಗೆ ಒತ್ತಿದರೆ 3 ಅಡಿ ಸಿಗುತ್ತದೆ, ಆದರೆ ಒಳಗಡೆ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಿ ಬರಬೇಕು. ಸ್ಲೈಡಿಂಗ್ ಬಾಗಿಲು ಹಾಕಬೇಕಾ, ಮಂಚದ ಅಳತೆ ಇಳಿಸಬೇಕಾ ಅನ್ನುವುದನ್ನು ಪ್ಲೈವುಡ್ ಕತ್ತರಿಸುವ ಮೊದಲೇ ತೀರ್ಮಾನಿಸಬೇಕು.

ಬೇಡವಾದದ್ದು ಯಾರಿಗೆ? ಬಾಡಿಗೆ ಮನೆಯವರಿಗೆ ಬೇಡ. ಅಡುಗೆಮನೆ, ವಾರ್ಡ್‌ರೋಬ್ ಎಲ್ಲ ಮೊದಲೇ ಇದ್ದು ಬರೀ ಸೋಫಾ, ಕರ್ಟನ್ ಕೊಳ್ಳುವವರಿಗೂ ಬೇಡ. ಟೇಪ್ ಹಿಡಿದು ಅಳತೆ ತೆಗೆದು ಪೇಪರ್ ಮೇಲೆ ಗೆರೆ ಎಳೆಯುವ ತಾಳ್ಮೆ ಇದ್ದರೆ ನೀವೇ ಮಾಡಿಕೊಳ್ಳಬಹುದು. ಒಂದೆರಡು ಭೇಟಿಗೆ ಮಾತ್ರ ಫೀಸ್ ತೆಗೆದುಕೊಂಡು ಸಲಹೆ ಕೊಡುವ ಡಿಸೈನರ್‌ಗಳೂ ಇದ್ದಾರೆ. ಇದನ್ನು ಕೇಳುವವರು ಕಡಿಮೆ.

ಬಣ್ಣ, ಕರ್ಟನ್ ನಾವೇ ಆರಿಸ್ಕೋತೀವಿ. ಇನ್ನು ಅವರಿಗೇನು ಕೆಲಸ?

ಬಣ್ಣ, ಕರ್ಟನ್ ನೀವೇ ಆರಿಸಿಕೊಳ್ಳಿ, ನಿಮ್ಮ ಮನೆ ಅದು. ಡಿಸೈನರ್‌ನ ಕೆಲಸ ಇರುವುದು ಅದಕ್ಕಿಂತ ಬಹಳ ಮೊದಲು.

ಅಡುಗೆಮನೆಯನ್ನೇ ನೋಡಿ. ಟೇಬಲ್‌ಟಾಪ್ ಗ್ರೈಂಡರ್ ಕಲ್ಲಿನ ಭಾರದ್ದು, ದಿನಾ ಎತ್ತಿ ಇಳಿಸಲು ಆಗುವುದಿಲ್ಲ. ಅದಕ್ಕೆ ಕಟ್ಟೆಯ ಮೇಲೆ ಖಾಯಂ ಜಾಗ ಬೇಕು. ಅದರ ಹಿಂದೆಯೇ ಪ್ಲಗ್ ಪಾಯಿಂಟ್ ಇರಬೇಕು, ವೈರು ಒಲೆ ಮುಂದೆ ಹಾದು ಹೋಗಬಾರದು. ಮೇಲಿನ ಕ್ಯಾಬಿನೆಟ್ ತೀರಾ ಕೆಳಗಿದ್ದರೆ ಗ್ರೈಂಡರ್ ಮುಚ್ಚಳ ತೆಗೆದು ಹಿಟ್ಟು ತೋಡಲು ಕೈ ಆಡುವುದಿಲ್ಲ. ಓವನ್, ಗೀಸರ್‌ಗೆ 16 ಆಂಪ್ ಪಾಯಿಂಟ್ ಬೇಕು, ಮಿಕ್ಸಿಗೆ 6 ಆಂಪ್ ಸಾಕು. ಇದೆಲ್ಲ ಟೈಲ್ಸ್ ಅಂಟಿಸುವ ಮೊದಲೇ ಗೋಡೆಯೊಳಗೆ ಹೋಗಬೇಕಾದ್ದು. ಆಮೇಲೆ ಆದರೆ ಎಕ್ಸ್‌ಟೆನ್ಷನ್ ಬೋರ್ಡೇ ಗತಿ.

ಕಟ್ಟೆ ಎತ್ತರದ್ದೂ ಅದೇ ಕಥೆ. 34 ಇಂಚು ಅಂತ ಕಣ್ಣು ಮುಚ್ಚಿ ಹಾಕಿಬಿಡುತ್ತಾರೆ. ಅಡುಗೆ ಮಾಡುವ ಅಮ್ಮ 5 ಅಡಿಯೂ ಇಲ್ಲ ಅಂದುಕೊಳ್ಳಿ. ಆ ಕಟ್ಟೆ ಮೇಲೆ ಒಲೆ, ಒಲೆ ಮೇಲೆ 5 ಲೀಟರ್ ಕುಕ್ಕರ್. ಸಾರು ಕುದಿಯಿತಾ ಅಂತ ನೋಡಲು ತುದಿಗಾಲಲ್ಲಿ ನಿಲ್ಲಬೇಕು. ದಿನಾ ಅಡುಗೆ ಮಾಡುವವರ ಮೊಣಕೈ ಎತ್ತರ ಅಳೆದು ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬರುವಂತೆ ನೋಡಿದರೆ ಸರಿಹೋಗುತ್ತದೆ.

ಆರ್ಕಿಟೆಕ್ಟ್ ಇದ್ದಾರಲ್ಲ, ಇವರೂ ಅವರೂ ಒಂದೇ ತಾನೇ? ಲೈಸೆನ್ಸ್ ಇರುತ್ತಾ?

ಒಂದೇ ಅಲ್ಲ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ಇಂಟೀರಿಯರ್ ಡಿಸೈನರ್ ಅನ್ನುವುದಕ್ಕೆ ಅಂಥ ಕಾನೂನು ನಮ್ಮಲ್ಲಿಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು, ಹಾಕಿಕೊಂಡೂ ಇದ್ದಾರೆ. ಇನ್ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್ ಅನ್ನುವ ವೃತ್ತಿಪರರ ಸಂಸ್ಥೆ ಇದೆ, ಅದರ ಸದಸ್ಯತ್ವ ಕಡ್ಡಾಯವಲ್ಲ.

ಹಾಗಾಗಿ ಸರ್ಟಿಫಿಕೇಟ್‌ಗಿಂತ ಮುಗಿದ ಮನೆ ನೋಡಿ. ಹೊಸದಾಗಿ ಮುಗಿದದ್ದು ಬೇಡ, ಅದು ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ. ಮೂರು ನಾಲ್ಕು ವರ್ಷ ಜನ ಬಾಳಿದ ಮನೆ ಕೇಳಿ. ಸಿಂಕ್ ಕೆಳಗಿನ ಬಾಗಿಲು ತೆರೆದು ನೋಡಿ, ಡ್ರಾಯರ್ ಎಳೆದು ನೋಡಿ. ಆ ಮನೆಯವರು ಕಾಫಿ ಕೊಡುತ್ತಾ ಹೇಳುವ ಮಾತು ಯಾವ ರಿವ್ಯೂನಲ್ಲೂ ಸಿಗುವುದಿಲ್ಲ.

ನಮಗೆ ಗೊತ್ತಿರೋ ಕಾರ್ಪೆಂಟರ್ ಇದ್ದಾನೆ. ಅವನೇ ಸಾಕಲ್ವಾ?

ಒಳ್ಳೆ ಕಾರ್ಪೆಂಟರ್ ಸಿಕ್ಕಿದ್ದರೆ ನಿಮ್ಮ ಪುಣ್ಯ. ಒಂದು ವಾರ್ಡ್‌ರೋಬ್, ಒಂದು ಟಿವಿ ಯೂನಿಟ್ ಅಷ್ಟೇ ಆದರೆ ಅವನೇ ಸಾಕು. ಇಡೀ ಮನೆ ಆದರೆ ಎಲೆಕ್ಟ್ರಿಷಿಯನ್, ಪ್ಲಂಬರ್, ಗ್ರಾನೈಟ್‌ನವನು, ಫಾಲ್ಸ್ ಸೀಲಿಂಗ್‌ನವನು, ಪೇಂಟರ್ ಎಲ್ಲರೂ ಬರುತ್ತಾರೆ. ಯಾರ ಹಿಂದೆ ಯಾರು ಬರಬೇಕು ಅಂತ ಹೇಳುವ ಕೆಲಸ ನಿಮ್ಮ ತಲೆ ಮೇಲೆ ಬೀಳುತ್ತದೆ. ಆಫೀಸ್‌ನಿಂದ ಎರಡು ತಿಂಗಳು ದಿನಾ ಫೋನ್‌ನಲ್ಲಿ ಇದನ್ನು ನಿಭಾಯಿಸಬಲ್ಲಿರಾ ಅಂತ ನೋಡಿಕೊಳ್ಳಿ. ಡಿಸೈನರ್‌ನಿಂದ ಬರೀ ಡ್ರಾಯಿಂಗ್ ಮಾಡಿಸಿ, ಕೆಲಸ ನಿಮ್ಮ ಕಾರ್ಪೆಂಟರ್ ಕೈಲೇ ಮಾಡಿಸುವ ದಾರಿಯೂ ಇದೆ.

ಡಿಸೈನರ್ ಬಂದ್ರೆ ಮನೆಯೆಲ್ಲ ಹೋಟೆಲ್ ಥರ ಆಗುತ್ತಂತೆ. ತಾತನ ಕಾಲದ ಬೀರು ಎಸೀರಿ ಅಂತಾರಂತೆ?

ಎಸೆಯಿರಿ ಅನ್ನುವವರನ್ನು ಬಿಟ್ಟು ಬೇರೆಯವರನ್ನು ನೋಡಿ. ತೇಗದ್ದೋ ಬೀಟೆಯದ್ದೋ ಹಳೇ ಬೀರು ಇವತ್ತು ಮಾಡಿಸಲು ಹೋದರೆ ಕೈಗೆಟಕುವುದಿಲ್ಲ. ಪಾಲಿಶ್ ಹೊಡೆಸಿ ಅದಕ್ಕೆ ಜಾಗ ಬಿಟ್ಟು ಪ್ಲ್ಯಾನ್ ಮಾಡಬಹುದು. ಮೊದಲ ಭೇಟಿಯಲ್ಲೇ ಪಟ್ಟಿ ಕೊಡಿ: ದೇವರಮನೆ ಎಲ್ಲಿ ಬೇಕು, ವಾಸ್ತು ಎಷ್ಟು ಪಾಲಿಸುತ್ತೀರಿ, ನೆಲದ ಮೇಲೆ ಕೂತು ಊಟ ಮಾಡುವವರು ಇದ್ದಾರಾ, ಹಬ್ಬಕ್ಕೆ ಎಷ್ಟು ಜನ ಬರುತ್ತಾರೆ, ಅಟ್ಟದ ಮೇಲೆ ಹೋಗಬೇಕಾದ ದೊಡ್ಡ ಪಾತ್ರೆ ಎಷ್ಟಿವೆ. ಡಿಸೈನರ್ ಇದನ್ನೆಲ್ಲ ತಾನಾಗಿ ಕೇಳಬೇಕು. ಕೇಳದೆ ನೇರವಾಗಿ ಬಣ್ಣದ ಕ್ಯಾಟಲಾಗ್ ತೆರೆದರೆ ನನಗೆ ಅನುಮಾನ ಬರುತ್ತದೆ.

ಓಪನ್ ಕಿಚನ್ ಬಗ್ಗೆ ಮಾತ್ರ ಒಂದು ಮಾತು. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಹಾಲ್‌ನಲ್ಲಿ ಕೂತವರು ಕೆಮ್ಮುತ್ತಾರೆ. ಚಿಮಣಿಗೆ ಹೊರಗೆ ಹೋಗುವ ಡಕ್ಟ್ ಇಲ್ಲದಿದ್ದರೆ ಆ ಆಸೆ ಬಿಡುವುದು ಒಳ್ಳೆಯದು.

## ದುಡ್ಡಿನ ಮಾತು

ಡಿಸೈನ್ ಫ್ರೀ ಅಂತ ಹೇಳ್ತಾರಲ್ಲ, ಮತ್ತೆ ನೀವ್ಯಾಕೆ ಫೀಸ್ ಕೇಳ್ತೀರಿ?

ಫ್ರೀ ಯಾವುದೂ ಇಲ್ಲ. ಅದು ಪ್ಲೈವುಡ್ ರೇಟ್‌ನಲ್ಲೋ ಹಾರ್ಡ್‌ವೇರ್ ರೇಟ್‌ನಲ್ಲೋ ಸೇರಿರುತ್ತದೆ. ಅದು ಮೋಸ ಅಂತ ನಾನು ಹೇಳುವುದಿಲ್ಲ, ವ್ಯಾಪಾರದ ಒಂದು ರೀತಿ. ಆದರೆ ಡಿಸೈನ್ ಮಾಡುವವರ ದುಡಿಮೆ ಸಾಮಾನು ಮಾರಿದ್ದರ ಮೇಲೆ ನಿಂತಿದ್ದರೆ, ಈ ಗೋಡೆಗೆ ಏನೂ ಬೇಡ ಬಿಡಿ ಅಂತ ಅವರ ಬಾಯಲ್ಲಿ ಬರುವುದು ಕಷ್ಟ. ಫೀಸ್ ಬೇರೆಯಾಗಿ ಕೊಟ್ಟರೆ ಆ ಮಾತು ಬರುತ್ತದೆ, ಡ್ರಾಯಿಂಗ್ ಕೂಡ ನಿಮ್ಮ ಕೈಗೆ ಸಿಗುತ್ತದೆ. ಫೀಸನ್ನು ಚದರಡಿಗೆ ಇಷ್ಟು ಅಂತಲೋ, ಒಟ್ಟು ಖರ್ಚಿನ ಶೇಕಡಾ ಇಷ್ಟು ಅಂತಲೋ, ಇಡಿಯಾಗಿ ಒಂದು ಮೊತ್ತ ಅಂತಲೋ ಹೇಳುತ್ತಾರೆ. ಶೇಕಡಾ ಲೆಕ್ಕದಲ್ಲಿ ಖರ್ಚು ಏರಿದಷ್ಟೂ ಅವರ ಫೀಸ್ ಏರುತ್ತದೆ. ಅದಕ್ಕೇ ನನಗೆ ಮೂರನೆಯದು ಇಷ್ಟ.

ಸುಮ್ನೆ ಚದರಡಿಗೆ ಎಷ್ಟು ಅಂತ ಹೇಳಿಬಿಡಿ ಮೇಡಂ. ಪಕ್ಕದವರು ಕಡಿಮೆ ಹೇಳಿದ್ರು.

ಅತಿ ಜಾಸ್ತಿ ಬರುವ ಪ್ರಶ್ನೆ ಇದು, ಅತಿ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದೂ ಇಲ್ಲೇ.

ವಾರ್ಡ್‌ರೋಬ್‌ನ ಚದರಡಿ ಅಂದರೆ ಎದುರಿಗೆ ಕಾಣುವ ಅಗಲ ಗುಣಿಸು ಎತ್ತರ. 7 ಅಡಿ ಅಗಲ, 7 ಅಡಿ ಎತ್ತರ ಇದ್ದರೆ 49 ಚದರಡಿ. ಒಬ್ಬರು 1,500 ರೂಪಾಯಿ ಅಂದರು, ಇನ್ನೊಬ್ಬರು 1,200 ಅಂದರು ಅಂತ ಇಟ್ಟುಕೊಳ್ಳಿ. ಮೊದಲನೆಯದು 73,500. ಎರಡನೆಯದು 58,800. ಎರಡನೆಯವರೇ ಅಗ್ಗ ಅಲ್ವಾ? ಈಗ ಕೊಟೇಶನ್‌ನ ಕೆಳಗಿನ ಸಣ್ಣ ಅಕ್ಷರ ಓದಿ. ಮೊದಲನೆಯವರ ರೇಟ್‌ನಲ್ಲಿ ಒಳಗಿನ ಮೂರು ಡ್ರಾಯರ್ ಮತ್ತು ಜಿಎಸ್‌ಟಿ ಸೇರಿವೆ. ಎರಡನೆಯವರಲ್ಲಿ ಡ್ರಾಯರ್ ಒಂದಕ್ಕೆ 3,000 ಬೇರೆ, ಅಲ್ಲಿಗೆ 67,800. ಅದರ ಮೇಲೆ 18% ಜಿಎಸ್‌ಟಿ. ಒಟ್ಟು 80,004. ಅಟ್ಟದ ಬಾಗಿಲು, ಹ್ಯಾಂಡಲ್, ಬೀಗ, ಕನ್ನಡಿ ಇನ್ನೂ ಬಂದಿಲ್ಲ.

ಇಲ್ಲಿನ ರೇಟ್‌ಗಳು ಲೆಕ್ಕ ತೋರಿಸಲು ಇಟ್ಟವು, ಕ್ರಮ ಮಾತ್ರ ನಿಜವಾಗಿ ನಡೆಯುವುದೇ. ಆದ್ದರಿಂದ ರೇಟ್ ಕೇಳುವ ಮೊದಲು ಇದನ್ನು ಕೇಳಿ: ಒಳಗಿನ ಬಾಕ್ಸ್ ಯಾವ ಬೋರ್ಡ್, ಎಷ್ಟು ಮಿಲಿಮೀಟರ್? ಹಿಂದಿನ ಹಲಗೆ 6 ಮಿಲಿಮೀಟರಾ, ಇನ್ನೂ ದಪ್ಪವಾ? ಹೊರಗಿನ ಲ್ಯಾಮಿನೇಟ್, ಅಂದರೆ ಬೋರ್ಡ್ ಮೇಲೆ ಅಂಟಿಸುವ ಹಾಳೆ, 1 ಮಿಲಿಮೀಟರಾ? ಒಳಗೂ ಲ್ಯಾಮಿನೇಟ್ ಇದೆಯಾ, ಬರೀ ಬಣ್ಣವಾ? ಹಿಂಜ್ (ಬಾಗಿಲಿನ ಕೀಲು) ಮತ್ತು ಚಾನೆಲ್ (ಡ್ರಾಯರ್ ಜಾರುವ ಹಳಿ) ಯಾವ ಕಂಪನಿಯದ್ದು, ಯಾವ ಮಾಡೆಲ್? ಕಂಪನಿ ಹೆಸರು ಒಂದೇ ಬರೆದರೆ ಸಾಲದು. ಒಂದೇ ಕಂಪನಿಯ ಹಿಂಜ್‌ಗಳಲ್ಲೂ ಸಾದಾ, ಸಾಫ್ಟ್ ಕ್ಲೋಸ್ (ಸದ್ದಿಲ್ಲದೆ ಮೆಲ್ಲಗೆ ಮುಚ್ಚುವುದು) ಅಂತ ಬೇರೆ ಬೇರೆ ಬೆಲೆ ಇರುತ್ತವೆ.

ಅಂಗಡಿಯಿಂದ ಡಿಸೈನರ್‌ಗೆ ಕಮಿಷನ್ ಹೋಗುತ್ತೆ ಅಂತಾರೆ, ನಿಜಾನಾ?

ಬಹಳ ಕಡೆ ನಿಜ. ಟೈಲ್ಸ್, ಲೈಟ್, ಸ್ಯಾನಿಟರಿ ಅಂಗಡಿಗಳಲ್ಲಿ ಡಿಸೈನರ್‌ಗೆ ಅಂತ ಒಂದು ಪಾಲು ಇಟ್ಟಿರುತ್ತಾರೆ. ಎಲ್ಲರೂ ತೆಗೆದುಕೊಳ್ಳುವುದಿಲ್ಲ. ಕೆಲವರು ಅದನ್ನು ನಿಮ್ಮ ಬಿಲ್‌ನಲ್ಲೇ ರಿಯಾಯಿತಿ ಮಾಡಿಸುತ್ತಾರೆ. ಸಂಕೋಚ ಬಿಟ್ಟು ಮೊದಲ ದಿನವೇ ಕೇಳಿ, ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಬರೆಸಿ. ಪ್ರಾಮಾಣಿಕರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ.

ಬಿಲ್ ಬೇಡ ಅಂದ್ರೆ 18% ಉಳೀತಲ್ಲ?

ಉಳಿಯುವುದು ಅವತ್ತಿಗೆ. ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ. ದುಡ್ಡು ಕೊಟ್ಟದ್ದಕ್ಕೇ ಸಾಕ್ಷಿ ಇಲ್ಲದಿದ್ದರೆ ಆಮೇಲೆ ಯಾವ ದೂರೂ ನಿಲ್ಲುವುದಿಲ್ಲ. ತೆರಿಗೆ ತಪ್ಪಿಸುವುದು ಕಾನೂನಿಗೆ ವಿರುದ್ಧ ಅನ್ನುವುದು ಹೇಗೂ ಇದ್ದೇ ಇದೆ.

## ಸಾಮಾನಿನ ವಿಚಾರ

ಪ್ಲೈವುಡ್ ಅಂದ್ರೆ ಪ್ಲೈವುಡ್. ಮನೆಯೆಲ್ಲ ಮರೀನ್ ಹಾಕಿಸಿದ್ರೆ ನಿಶ್ಚಿಂತೆ ಅಲ್ವಾ?

ನಿಶ್ಚಿಂತೆ ಹೌದು, ದುಡ್ಡು ದಂಡ. ಐಎಸ್ ಅನ್ನುವುದು ಭಾರತೀಯ ಗುಣಮಟ್ಟದ ನಂಬರ್. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್. ಅದರಲ್ಲೇ ಎಂಆರ್, ಬಿಡಬ್ಲ್ಯುಆರ್ ಅಂತ ಎರಡು ದರ್ಜೆ. ಎಂಆರ್ ತೇವಾಂಶವನ್ನಷ್ಟೇ ತಡೆಯುತ್ತದೆ, ಅಂಗಡಿಯಲ್ಲಿ ಕಮರ್ಷಿಯಲ್ ಅನ್ನುವುದು ಇದಕ್ಕೇ. ಬಿಡಬ್ಲ್ಯುಆರ್ ನೀರಿಗೆ ಇನ್ನೂ ಗಟ್ಟಿ. ಐಎಸ್ 710 ಅಂದರೆ ಮರೀನ್, ನೀರಿಗೆ ಎಲ್ಲಕ್ಕಿಂತ ಗಟ್ಟಿ.

ಸಿಂಕ್ ಕೆಳಗೆ, ಬಟ್ಟೆ ಪಾತ್ರೆ ತೊಳೆಯುವ ಯುಟಿಲಿಟಿಯಲ್ಲಿ, ಬಾತ್‌ರೂಮ್ ವ್ಯಾನಿಟಿಗೆ (ಬೇಸಿನ್ ಕೆಳಗಿನ ಕಪಾಟು) ಮರೀನ್ ಹಾಕಿ. ಬೆಂಗಳೂರು, ಮೈಸೂರಿನ ಬೆಡ್‌ರೂಮ್ ವಾರ್ಡ್‌ರೋಬ್‌ಗೆ ಅಷ್ಟು ಬೇಕಾಗಿಲ್ಲ. ಮಂಗಳೂರು, ಉಡುಪಿ, ಕಾರವಾರದ ಮಾತು ಬೇರೆ. ಅಲ್ಲಿ ಮಳೆಗಾಲದಲ್ಲಿ ಬಟ್ಟೆಯೇ ಬೂಸ್ಟು ಹಿಡಿಯುತ್ತದೆ. ಹೊರಗೋಡೆಗೆ ಒತ್ತಿ ವಾರ್ಡ್‌ರೋಬ್ ಮಾಡಿಸದೆ ಒಳಗೋಡೆಗೆ ಮಾಡಿಸುವುದು ಮೇಲು, ಆಗದಿದ್ದರೆ ಹಿಂದೆ ಗಾಳಿಗೆ ಸ್ವಲ್ಪ ಸಂದು ಬಿಡಿಸಿ. ಮಲೆನಾಡಿನವರು ನೀರಿನಷ್ಟೇ ಗೆದ್ದಲಿನ ಬಗ್ಗೆಯೂ ಕೇಳಿ. ನೆಲ, ಗೋಡೆಗೆ ಗೆದ್ದಲು ಔಷಧಿ ಹೊಡೆಸುವುದು ಮರದ ಕೆಲಸ ಶುರುವಾಗುವ ಮೊದಲು.

ಇನ್ನೊಂದು ತಪ್ಪು ತಿಳುವಳಿಕೆ: 710 ಅಂತ ಅಚ್ಚು ಇದ್ದರೆ ಅಸಲಿ ಅಂತ. ಅಚ್ಚು ಯಾರು ಬೇಕಾದರೂ ಹೊಡೆಯುತ್ತಾರೆ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಅಂತ ತೋರಿಸುತ್ತದೆ. ಶೀಟ್ ಸೈಟ್‌ಗೆ ಬಂದು ಇಳಿದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೇನಿದೆ ಅಂತ ದೇವರಿಗೇ ಗೊತ್ತು.

ಮಾಡ್ಯುಲರ್ ಅಂದ್ರೆ ಪುಡಿ ಹಲಗೆ, ಬಾಳಿಕೆ ಬರಲ್ಲ ಅಂತಾರೆ.

ಮಾಡ್ಯುಲರ್ ಅನ್ನುವುದು ಮಾಡುವ ಕ್ರಮ. ಬಾಕ್ಸ್‌ಗಳನ್ನು ಫ್ಯಾಕ್ಟರಿಯಲ್ಲಿ ಕತ್ತರಿಸಿ, ಅಂಚಿಗೆ ಮಷಿನ್‌ನಲ್ಲಿ ಪಟ್ಟಿ ಅಂಟಿಸಿ, ಮನೆಗೆ ತಂದು ಜೋಡಿಸುತ್ತಾರೆ. ಬೋರ್ಡ್ ಯಾವುದು ಅನ್ನುವುದು ಬೇರೆ ಪ್ರಶ್ನೆ. ಮಾಡ್ಯುಲರನ್ನು ಪ್ಲೈವುಡ್‌ನಲ್ಲೂ ಮಾಡುತ್ತಾರೆ, ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನಲ್ಲೂ, ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್‌ನಲ್ಲೂ. ಪಾರ್ಟಿಕಲ್ ಬೋರ್ಡ್‌ಗೆ ನೀರು ತಾಗಿದರೆ ಊದಿಕೊಳ್ಳುತ್ತದೆ, ಮತ್ತೆ ಹಿಂದಿನಂತೆ ಆಗುವುದಿಲ್ಲ. ನಮ್ಮ ಅಡುಗೆಮನೆಗೆ ಅದು ಬೇಡ ಅನ್ನುವುದು ನನ್ನ ಮಾತು. ಓದುವ ಮೇಜಿಗೆ, ಟಿವಿ ಯೂನಿಟ್‌ಗೆ ನಡೆಯುತ್ತದೆ.

## ಕೆಲಸ ಶುರುವಾದ ಮೇಲೆ

3ಡಿ ಚಿತ್ರದಲ್ಲಿ ಇರೋ ಹಾಗೇ ಬರುತ್ತೆ ತಾನೇ?

ಅಳತೆ ಬರುತ್ತದೆ, ಬೆಳಕು ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ನಾವು ಎಲ್ಲಿ ಬೇಕಾದರೂ ಸೂರ್ಯನನ್ನು ಇಡಬಹುದು. ನಿಮ್ಮ ಹಾಲ್‌ನ ಕಿಟಕಿ ಎದುರು ಪಕ್ಕದ ಅಪಾರ್ಟ್‌ಮೆಂಟ್ ಗೋಡೆ ಇದ್ದರೆ ಆ ಚಿತ್ರ ಸುಳ್ಳಾಗುತ್ತದೆ. ಲ್ಯಾಮಿನೇಟ್‌ನ ಅಂಗೈ ಅಗಲದ ತುಂಡನ್ನಲ್ಲ, ಆದಷ್ಟು ದೊಡ್ಡ ಸ್ಯಾಂಪಲ್ ತರಿಸಿ, ನಿಮ್ಮ ಮನೆಯಲ್ಲೇ ಬೆಳಗ್ಗೆ ಒಮ್ಮೆ, ರಾತ್ರಿ ಟ್ಯೂಬ್‌ಲೈಟ್‌ನಲ್ಲಿ ಒಮ್ಮೆ ನೋಡಿ. ಕಾರ್ಪೆಂಟರ್ ಕೈಗೆ ಹೋಗುವುದು 3ಡಿ ಚಿತ್ರವಲ್ಲ, ಅಳತೆ ಬರೆದ ಡ್ರಾಯಿಂಗ್. ಸಹಿ ಮಾಡುವ ಮೊದಲು ಅದನ್ನು ಕೇಳಿ ತೆಗೆದುಕೊಂಡು ಓದಿ.

ಗೋಡೆ ಒಡೆದು ಹಾಲ್ ದೊಡ್ಡದು ಮಾಡ್ತೀನಿ ಅಂದ್ರು ಡಿಸೈನರ್. ಮಾಡಿಸಬಹುದಾ?

ತಡೆಯಿರಿ. ಈಚಿನ ಬಹಳಷ್ಟು ಅಪಾರ್ಟ್‌ಮೆಂಟ್‌ಗಳನ್ನು ಮೈವಾನ್ ಅಂತ ಕರೆಯುವ ಅಲ್ಯೂಮಿನಿಯಂ ಅಚ್ಚಿನಲ್ಲಿ ಕಟ್ಟಿರುತ್ತಾರೆ. ಅವುಗಳಲ್ಲಿ ಗೋಡೆಯೂ ಕಬ್ಬಿಣ ಹಾಕಿದ ಕಾಂಕ್ರೀಟೇ, ಕಟ್ಟಡದ ಭಾರ ಅದರ ಮೇಲೇ ನಿಂತಿರುತ್ತದೆ. ಅಂಥ ಗೋಡೆ ಒಡೆಯುವ ಮಾತೇ ಇಲ್ಲ, ಹೊಸ ವೈರಿಂಗ್‌ಗೆ ಅಂತ ಕೊರೆಯುವುದೂ ಬೇಡ. ಇಟ್ಟಿಗೆ ಅಥವಾ ಬ್ಲಾಕ್ ಗೋಡೆ ಆದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳಬೇಕು, ಅಸೋಸಿಯೇಷನ್ ಒಪ್ಪಬೇಕು. ಡಿಸೈನರ್ ಬಾಯಿಮಾತು ಸಾಲದು.

ಇದರಲ್ಲಿ ಇನ್ನೊಂದು ಸಿಕ್ಕು ಇದೆ. ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ನೀವು ಗೋಡೆ ಒಡೆಸಿದ್ದರೆ, ಬಾತ್‌ರೂಮ್ ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಕೆಡಿಸಿದ್ದರೆ, ಆಮೇಲೆ ಸೋರಿದಾಗ ಅವರು ಬೆರಳು ತೋರಿಸುವುದು ನಿಮ್ಮ ಕಡೆಗೇ.

45 ದಿನದಲ್ಲಿ ಕೀ ಕೊಡ್ತೀವಿ ಅಂತಾರೆ. ನಂಬಬಹುದಾ?

ಯಾವ ದಿನದಿಂದ 45 ಅಂತ ಕೇಳಿ. ಸಾಮಾನ್ಯವಾಗಿ ಅದು ಡಿಸೈನ್‌ಗೆ ನೀವು ಕೊನೆಯ ಸಹಿ ಹಾಕಿ, ದೊಡ್ಡ ಕಂತು ಕಟ್ಟಿದ ಮೇಲಿನ ಲೆಕ್ಕ. ಅದಕ್ಕೆ ಮೊದಲು ಡಿಸೈನ್ ಮಾತುಕತೆಗೇ ತಿಂಗಳು ಹಿಡಿಯುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಭಾನುವಾರ ಡ್ರಿಲ್ಲಿಂಗ್ ಇಲ್ಲ, ಸಂಜೆ ಮೇಲೆ ಕೆಲಸ ಇಲ್ಲ ಅನ್ನುವ ನಿಯಮಗಳಿರುತ್ತವೆ. ಹಬ್ಬಕ್ಕೆ ಊರಿಗೆ ಹೋದ ಕೆಲಸಗಾರರು ಹೇಳಿದ ದಿನ ಬರುವುದಿಲ್ಲ. ಆಷಾಢಕ್ಕೆ ಮೊದಲು ಗೃಹಪ್ರವೇಶ ಮುಗಿಸಬೇಕು ಅಂತ ಎಲ್ಲರಿಗೂ ಒಟ್ಟಿಗೇ ಅವಸರ ಬೀಳುವುದರಿಂದ ಆ ಹೊತ್ತಿಗೆ ಒಳ್ಳೆ ಪೇಂಟರ್ ಸಿಗುವುದೇ ಇಲ್ಲ. ಮುಹೂರ್ತ ಇಟ್ಟ ಮೇಲೆ ಡಿಸೈನರ್ ಹುಡುಕಬೇಡಿ. ಅಡುಗೆಮನೆ, ದೇವರಮನೆ ಮುಗಿಸಿ ಹಾಲು ಉಕ್ಕಿಸಿ, ಉಳಿದದ್ದು ಆಮೇಲೆ ಮಾಡಿಸಿಕೊಂಡವರೂ ಬೇಕಾದಷ್ಟು ಜನ.

ನಾವು ಅಮೆರಿಕದಲ್ಲಿದ್ದೀವಿ. ಬೀಗ ಕೊಟ್ಟುಬಿಟ್ರೆ ಎಲ್ಲ ಅವರೇ ನೋಡ್ಕೋತಾರೆ ಅಲ್ವಾ?

ಮುಕ್ಕಾಲು ಪಾಲು ನೋಡಿಕೊಳ್ಳುತ್ತಾರೆ. ಆದರೆ ಮೂರು ಹಂತದಲ್ಲಿ ನಿಮ್ಮ ಕಡೆಯವರು ಯಾರಾದರೂ ಸೈಟ್‌ನಲ್ಲಿ ನಿಂತು ನೋಡಬೇಕು, ಭಾವನೋ ಚಿಕ್ಕಪ್ಪನೋ ಯಾರಾದರೂ ಸರಿ. ಪ್ಲೈವುಡ್ ಬಂದಿಳಿದ ದಿನ. ಫಾಲ್ಸ್ ಸೀಲಿಂಗ್ ಮುಚ್ಚುವ ಹಿಂದಿನ ದಿನ, ಒಳಗಿನ ವೈರಿಂಗ್‌ನ ಫೋಟೊ ತೆಗೆಯಲು. ಕೊನೆಯ ಕಂತು ಕೊಡುವ ಮೊದಲು, ಎಲ್ಲ ಬಾಗಿಲು ಡ್ರಾಯರ್ ಎಳೆದು ನೋಡಿ, ಎಲ್ಲ ಪ್ಲಗ್‌ಗೂ ಮೊಬೈಲ್ ಚಾರ್ಜರ್ ಹಾಕಿ ನೋಡಲು. ಎಷ್ಟೇ ನಂಬಿಕೆ ಇದ್ದರೂ ಒಟ್ಟು ಮೊತ್ತದಲ್ಲಿ ಶೇಕಡಾ 5ರಿಂದ 10ರಷ್ಟನ್ನು ಈ ಕೊನೆಯ ಕಂತಿಗೆ ಇಟ್ಟುಕೊಳ್ಳಿ.

ಅಡ್ವಾನ್ಸ್ ತಗೊಂಡು ಕೈಕೊಟ್ರೆ ಏನೂ ಮಾಡೋಕಾಗಲ್ಲ ಅಂತಾರೆ.

ಆಗುತ್ತದೆ. ದುಡ್ಡು ಕೊಟ್ಟು ಮನೆಗೆ ಮಾಡಿಸುವ ಇಂಟೀರಿಯರ್ ಕೆಲಸ 2019ರ ಗ್ರಾಹಕ ರಕ್ಷಣಾ ಕಾಯ್ದೆಗೆ ಬರುತ್ತದೆ. ಮೊದಲು ಲಿಖಿತವಾಗಿ ಕೇಳಿ, ವಾಟ್ಸ್‌ಆ್ಯಪ್‌ಗಿಂತ ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಒಳ್ಳೆಯದು. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಎಷ್ಟೋ ಜಗಳ ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಕೊಟ್ಟ ಮೊತ್ತ 50 ಲಕ್ಷದೊಳಗೆ ಇದ್ದರೆ ಅಲ್ಲಿಗೇ ದೂರು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಕಂಪನಿ ಬೇರೆ ಊರಿನದ್ದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ. ಕೊಟೇಶನ್, ಸಹಿ ಮಾಡಿದ ಡ್ರಾಯಿಂಗ್, ಬ್ಯಾಂಕ್‌ನಿಂದ ದುಡ್ಡು ಹೋದ ದಾಖಲೆ, ಅರ್ಧಕ್ಕೆ ನಿಂತ ಕೆಲಸದ ತಾರೀಖು ಸಮೇತ ಫೋಟೊ, ಇಷ್ಟನ್ನು ಒಂದು ಫೈಲ್ ಮಾಡಿ ತೆಗೆದುಕೊಂಡು ಹೋಗಿ.